ಯಾರನ್ನು ಕಾಣಬೇಕು?



ಕಳೆದ ಬೇಸಿಗೆಯಲ್ಲಿ ನನ್ನ ಸೋದರಮಾವ ಶಿರಸಿಯ ಕಡೆಯಿಂದ ಬೆಂಗಳೂರಿನ ನಮ್ಮ ಮನೆಗೆ ಬಂದರು. ಎಪ್ಪತ್ತೆಂಟು ದಾಟಿದ ಹಿರಿಯರು. ರಾತ್ರಿ ಬಸ್ಸಿನಿಂದಿಳಿದು, ಆಟೋ ಹಿಡಿದು, ಬೆಳಿಗ್ಗೆ ಏಳರ ಹೊತ್ತಿಗೆ ನಮ್ಮ ವಸತಿ ಸಮುಚ್ಚಯದ ಹೆಬ್ಬಾಗಿಲ ಮುಂದೆ ನಿಂತಿದ್ದಾರೆ. ಕೈಯಲ್ಲೊಂದು ಬಟ್ಟೆಯ ಚೀಲ. ಅದರೊಳಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಹಲಸಿನ ಹಪ್ಪಳದ ಕಟ್ಟು.

"ಯಾರನ್ನು ಕಾಣಬೇಕು?" ಎಂದು ಕಾವಲುಗಾರ ಕೇಳಿದ. ಮಾವ ನನ್ನ ಹೆಸರು ಹೇಳಿದರು. "ಮನೆ ನಂಬರ್ ಎಷ್ಟು?" ಎಂದ. ಅದು ಅವರಿಗೆ ನೆನಪಿರಲಿಲ್ಲ. ಮುನ್ನೂರು ಮನೆಗಳಿರುವ ಕಟ್ಟಡದಲ್ಲಿ ಹೆಸರು ಹೇಳಿದರೆ ಯಾರಿಗೆ ಗೊತ್ತಾಗಬೇಕು? ನನಗೆ ಫೋನ್ ಮಾಡಿದ್ದಾರೆ. ನಾನು ಫೋನನ್ನು ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋಗಿದ್ದೆ. ಹೀಗಾಗಿ ಮಾವ ನಲವತ್ತು ನಿಮಿಷ ಗೇಟಿನ ಹೊರಗೆ, ಕಲ್ಲಿನ ಕಟ್ಟೆಯ ಮೇಲೆ ಕುಳಿತರು.

ಮನೆಗೆ ಬಂದ ಮೇಲೆ ನಾನು ಬಹಳ ನಾಚಿಕೆಯಿಂದ ಕ್ಷಮೆ ಕೇಳಿದೆ. ಅವರು ನಕ್ಕುಬಿಟ್ಟರು. "ನಿಲ್ಲಿಸಿದ್ದಕ್ಕೆ ನನಗೆ ಬೇಸರವಿಲ್ಲ ಮಾರಾಯ. ಗುರುತಿಲ್ಲದವರನ್ನು ಕೇಳಲೇಬೇಕು. ಆದರೆ ನಾನು ಕೂತಿದ್ದಾಗಲೇ ಒಬ್ಬ ಇಸ್ತ್ರಿ ಅಂಗಿಯವನು ಫೋನಿನಲ್ಲಿ ಮಾತಾಡುತ್ತಾ ನೆಟ್ಟಗೆ ಒಳಗೆ ಹೋದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಅವನು ನಿಮ್ಮಲ್ಲಿಯವನೋ?" ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಗೇಟಿನವರಲ್ಲೂ ಇರಲಿಲ್ಲ. ಆ ದಿನದಿಂದ ಈ ವಿಷಯ ನನ್ನ ತಲೆಯಲ್ಲಿ ಕುಳಿತಿದೆ. ಕಟ್ಟಡಗಳಿಗೆ ಬಂದುಹೋಗುವವರನ್ನು ನಾವು ಹೇಗೆ ವಿಚಾರಿಸುತ್ತೇವೆ, ಹೇಗೆ ಬರೆದಿಡುತ್ತೇವೆ, ಅದರಿಂದ ನಿಜವಾಗಿ ನಮಗೆ ಸಿಗುವ ರಕ್ಷಣೆ ಎಷ್ಟು ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ಅಂದು ಸಂಜೆ ನಾನು ಗೇಟಿಗೆ ಹೋಗಿ ಸಂದರ್ಶಕರ ಪುಸ್ತಕವನ್ನು ತೆರೆದು ನೋಡಿದೆ. ಇಂಥ ಪುಸ್ತಕವನ್ನು ನೀವೆಲ್ಲರೂ ಕಂಡಿದ್ದೀರಿ. ಉದ್ದನೆಯ ರಿಜಿಸ್ಟರು, ದಾರಕ್ಕೆ ಕಟ್ಟಿದ ಪೆನ್ನು, ಗೆರೆ ಎಳೆದ ಅಂಕಣಗಳು. ಹೆಸರು, ಎಲ್ಲಿಂದ ಬಂದದ್ದು, ಯಾರನ್ನು ಕಾಣಲು, ಕಾರಣ, ಫೋನ್ ಸಂಖ್ಯೆ, ಒಳಬಂದ ಸಮಯ, ಹೊರಹೋದ ಸಮಯ, ಸಹಿ. "ಕಾರಣ" ಎಂಬ ಅಂಕಣದಲ್ಲಿ ಪುಟ ತುಂಬ "ಪರ್ಸನಲ್" ಎಂದಿತ್ತು. ಅದರ ಕೆಳಗೆ ಸಾಲು ಸಾಲಾಗಿ ಎರಡು ಚುಕ್ಕೆಗಳು, ಅಂದರೆ "ಮೇಲಿನಂತೆ". ಕೆಲವರ ಹೆಸರು ಓದಲು ಬರುತ್ತಿರಲಿಲ್ಲ. ಒಂದು ಫೋನ್ ಸಂಖ್ಯೆಯಲ್ಲಿ ಒಂಬತ್ತೇ ಅಂಕಿಗಳಿದ್ದವು. "ಹೊರಹೋದ ಸಮಯ" ಎಂಬ ಅಂಕಣ ಬಹುಪಾಲು ಖಾಲಿ. ಒಂದೆರಡು ಪುಟಗಳಲ್ಲಿ ಮಾತ್ರ ಅದು ಮೇಲಿನಿಂದ ಕೆಳಗಿನವರೆಗೆ ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ ಭರ್ತಿಯಾಗಿತ್ತು. ಅಂದು ಯಾರೋ ಮೇಲ್ವಿಚಾರಕರು ತಪಾಸಣೆಗೆ ಬಂದಿರಬೇಕು!

ನಗು ಬರುವ ವಿಷಯವೇ ಸರಿ. ಆದರೆ ಈ ಪುಸ್ತಕವನ್ನು ನಂಬಿ ಮುನ್ನೂರು ಮನೆಗಳವರು ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಾರೆ ಎಂಬುದನ್ನು ನೆನೆದರೆ ನಗು ನಿಲ್ಲುತ್ತದೆ.

ಹಾಗೆ ನೋಡಿದರೆ, ಬಂದವರ ಲೆಕ್ಕವಿಡುವ ಪದ್ಧತಿ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದರ ವಿವರವಾದ ವಿಧಿಗಳಿವೆ. ಈ ಗ್ರಂಥ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ ಎಂಬುದು ಹೆಮ್ಮೆಯ ಸಂಗತಿ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟೊಂದರಲ್ಲಿ ಈ ಗ್ರಂಥವಿರುವುದನ್ನು 1905ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು. 1909ರಲ್ಲಿ ಅದನ್ನು ಮುದ್ರಿಸಿ ಲೋಕಕ್ಕೆ ಕೊಟ್ಟರು.

ಅದರಲ್ಲಿ ಮುದ್ರಾಧ್ಯಕ್ಷ ಎಂಬ ಅಧಿಕಾರಿಯ ಪ್ರಸ್ತಾಪ ಉಂಟು. ನಾಡಿನೊಳಗೆ ಬರುವವರಿಗೂ ಹೊರಗೆ ಹೋಗುವವರಿಗೂ ಒಂದು ಮಾಷ ಶುಲ್ಕ ಪಡೆದು ಮುದ್ರೆಯೊತ್ತಿದ ರಹದಾರಿ ಕೊಡುವುದು ಅವನ ಕೆಲಸ. ರಹದಾರಿಯಿಲ್ಲದೆ ಓಡಾಡಿದ ನಾಡಿನವನಿಗೆ ಹನ್ನೆರಡು ಪಣ ದಂಡ. ಪಟ್ಟಣದ ಆಡಳಿತ ನೋಡುವ ನಾಗರಿಕನ ಅಧ್ಯಾಯದಲ್ಲಿ ಇನ್ನೂ ಕುತೂಹಲದ ನಿಯಮವೊಂದಿದೆ. ಮನೆಗೆ ಯಾರಾದರೂ ಹೊಸಬರು ಬಂದರೆ, ಬಂದವರು ಹೊರಟುಹೋದರೆ, ಅದನ್ನು ಮನೆಯ ಯಜಮಾನ ಅಧಿಕಾರಿಗೆ ತಿಳಿಸಬೇಕು. ತಿಳಿಸದಿದ್ದರೆ ಆ ರಾತ್ರಿ ನಡೆದ ಕಳ್ಳತನ ಮೊದಲಾದ ಅಪರಾಧಕ್ಕೆ ಅವನೇ ಹೊಣೆ. ಏನೂ ನಡೆಯದಿದ್ದರೂ ಮೂರು ಪಣ ದಂಡ ತಪ್ಪದು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹೇಳುವ ಹೊಣೆಯನ್ನು ಕೌಟಿಲ್ಯ ಅತಿಥಿಯ ಮೇಲೆ ಹಾಕಲಿಲ್ಲ, ಆತಿಥೇಯನ ಮೇಲೆ ಹಾಕಿದ. ಯಾರ ಮನೆಗೆ ಬಂದರೋ ಅವರೇ ಬಂದವರಿಗೆ ಜವಾಬು. ಇಂದು ನಾವು ಮಾಡಿರುವುದು ಇದರ ತದ್ವಿರುದ್ಧ. ಮನೆಯವರು ನಿಶ್ಚಿಂತರು. ಬಂದವರು ತಮ್ಮ ಜಾತಕವನ್ನೆಲ್ಲ ಬರೆದುಕೊಡಬೇಕು. ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಭಾರ, ಹನ್ನೆರಡು ಗಂಟೆ ನಿಂತು ದುಡಿಯುವ ಕಾವಲುಗಾರನ ಹೆಗಲ ಮೇಲೆ.

ಕೌಟಿಲ್ಯನ ಕಾಲದ ಅರಸೊತ್ತಿಗೆ ನಮಗೆ ಬೇಡ, ಆ ದಂಡವೂ ಬೇಡ. ಆದರೆ ಈ ಒಂದು ವಿವೇಕವನ್ನು ಉಳಿಸಿಕೊಳ್ಳಬಹುದು ಎಂದು ನನಗನಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬರೆದಿಡುವುದು ಬೇರೆ, ಕಾಯುವುದು ಬೇರೆ. ಇವೆರಡೂ ಒಂದೇ ಎಂದು ಭಾವಿಸಿರುವುದೇ ನಮ್ಮ ದೊಡ್ಡ ತಪ್ಪು. ಇದಕ್ಕೆ ಒಂದೆರಡು ನಿದರ್ಶನಗಳನ್ನು ನೋಡೋಣ.

2001ರ ಡಿಸೆಂಬರ್ 13ರಂದು ದೆಹಲಿಯಲ್ಲಿ ನಮ್ಮ ಸಂಸತ್ತಿನ ಮೇಲೆ ದಾಳಿ ನಡೆಯಿತು. ಐವರು ದಾಳಿಕೋರರು ಬಿಳಿಯ ಅಂಬಾಸಡರ್ ಕಾರಿನಲ್ಲಿ ಆವರಣದೊಳಕ್ಕೆ ಬಂದರು. ಕಾರಿನ ಗಾಜಿನ ಮೇಲೆ ಗೃಹ ಸಚಿವಾಲಯದ ಹೆಸರಿನ ನಕಲಿ ಚೀಟಿ ಅಂಟಿಸಿತ್ತು. ಚೀಟಿ ಇದ್ದುದರಿಂದ ಕಾರು ಒಳಗೆ ಬಂತು. ಅಂದು ಕರ್ತವ್ಯದಲ್ಲಿದ್ದ ಕೇಂದ್ರ ಮೀಸಲು ಪೊಲೀಸ್ ಪಡೆಯ ಕಾನ್‌ಸ್ಟೇಬಲ್ ಕಮಲೇಶ್ ಕುಮಾರಿಯವರಿಗೆ ಆ ಕಾರಿನ ಬಗ್ಗೆ ಅನುಮಾನ ಬಂತು. ಅವರ ಬಳಿ ಬಂದೂಕು ಇರಲಿಲ್ಲ, ಇದ್ದದ್ದು ವಾಕಿಟಾಕಿ ಮಾತ್ರ. ಅವರು ಬಾಗಿಲು ಮುಚ್ಚಲು ಓಡಿದರು, ಇತರರನ್ನು ಎಚ್ಚರಿಸಿದರು, ಗುಂಡಿಗೆ ಬಲಿಯಾದರು. ರಾಷ್ಟ್ರ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ನೀಡಿ ಗೌರವಿಸಿತು.

ಈ ಘಟನೆಯನ್ನು ಓದುವಾಗಲೆಲ್ಲ ನಮ್ಮ ಚಿತ್ರದುರ್ಗದ ಒನಕೆ ಓಬವ್ವ ನೆನಪಾಗುತ್ತಾಳೆ. ಕೋಟೆಗೆ ಹೆಬ್ಬಾಗಿಲುಗಳಿದ್ದವು, ಬತೇರಿಗಳಿದ್ದವು, ಪಹರೆಯವರಿದ್ದರು. ಹೈದರಾಲಿಯ ಸೈನಿಕರು ಬಂದದ್ದು ಯಾರ ಲೆಕ್ಕದಲ್ಲೂ ಇಲ್ಲದ ಒಂದು ಕಿಂಡಿಯ ಮೂಲಕ. ಅದನ್ನು ಗಮನಿಸಿದ್ದು, ಗಂಡ ಊಟಕ್ಕೆ ಕುಳಿತಿದ್ದಾಗ ನೀರು ತರಲು ಹೋದ ಒಬ್ಬ ಹೆಣ್ಣುಮಗಳು. ನಮ್ಮ ಜನ ತಲೆಮಾರುಗಳಿಂದ ಈ ಕಥೆಯನ್ನು ಹೇಳಿಕೊಂಡು ಬಂದಿರುವುದು ಆಕೆಯ ಶೌರ್ಯಕ್ಕಾಗಿ. ಆದರೆ ಶೌರ್ಯಕ್ಕೂ ಮೊದಲು ಆಕೆಯಲ್ಲಿ ಎಚ್ಚರವಿತ್ತು ಎಂಬುದನ್ನು ಮರೆಯುವಂತಿಲ್ಲ. ಕಾವಲು ಎಂದರೆ ಮೊದಲಿಗೆ ಈ ಎಚ್ಚರ.

ಇನ್ನೊಂದು ಘಟನೆ, ಅದೇ ಡಿಸೆಂಬರ್ 13ರಂದು, ಆದರೆ 2023ರಲ್ಲಿ. ಲೋಕಸಭೆಯ ಕಲಾಪ ನಡೆಯುತ್ತಿದ್ದಾಗ ಸಂದರ್ಶಕರ ಗ್ಯಾಲರಿಯಿಂದ ಇಬ್ಬರು ಯುವಕರು ಸಭಾಂಗಣಕ್ಕೆ ಧುಮುಕಿ ಹಳದಿ ಹೊಗೆಯ ಡಬ್ಬಿಗಳನ್ನು ತೆರೆದರು. ಅವರು ಗೋಡೆ ಹಾರಿ ಬಂದವರಲ್ಲ. ಕೈಯಲ್ಲಿ ಸಂಸದರೊಬ್ಬರ ಶಿಫಾರಸಿನ ಮೇಲೆ ದೊರೆತ ಸಂದರ್ಶಕರ ಪಾಸು ಇತ್ತು. ಹೆಸರು ದಾಖಲಾಗಿತ್ತು. ತಪಾಸಣೆಯ ಹಂತಗಳನ್ನೆಲ್ಲ ದಾಟಿ ಬಂದಿದ್ದರು. ಹೊಗೆಯ ಡಬ್ಬಿಗಳನ್ನು ಬೂಟಿನೊಳಗೆ ಬಚ್ಚಿಟ್ಟಿದ್ದರು. ಈ ಘಟನೆಯ ನಂತರ, 2024ರಲ್ಲಿ, ಸಂಸತ್ತಿನ ಭದ್ರತೆಯ ಹೊಣೆಯನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ವಹಿಸಲಾಯಿತು.

ಇಷ್ಟೆಲ್ಲ ಯಂತ್ರಗಳಿದ್ದೂ ಹೀಗೇಕಾಯಿತು ಎಂದು ನೀವು ಕೇಳಬಹುದು. ಆ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ.

ಮಾಲು, ಚಿತ್ರಮಂದಿರ, ಮೆಟ್ರೋ ನಿಲ್ದಾಣಗಳಲ್ಲಿ ನಾವು ಹಾದುಹೋಗುವ ಬಾಗಿಲಿನ ಚೌಕಟ್ಟು ಲೋಹಶೋಧಕ. ಅದರ ಎರಡು ಕಂಬಗಳೊಳಗೆ ತಂತಿಯ ಸುರುಳಿಗಳಿರುತ್ತವೆ. ಅವುಗಳಲ್ಲಿ ವಿದ್ಯುತ್ತು ಮಿಡಿಯುತ್ತಿದ್ದಂತೆ ಕಾಂತಕ್ಷೇತ್ರ ಉಂಟಾಗುತ್ತದೆ. ಅದರೊಳಗೆ ಲೋಹದ ವಸ್ತು ಬಂದರೆ ಆ ಲೋಹದಲ್ಲಿಯೇ ಸುಳಿಯಂತೆ ಅಲ್ಪ ವಿದ್ಯುತ್ತು ಹುಟ್ಟಿ ಕ್ಷೇತ್ರವನ್ನು ಕದಡುತ್ತದೆ. ಆ ಕದಡುವಿಕೆಯನ್ನು ಗುರುತಿಸಿ ಯಂತ್ರ ಸದ್ದು ಮಾಡುತ್ತದೆ. ಅಂದರೆ ಅದಕ್ಕೆ ತಿಳಿಯುವುದು ಲೋಹವೊಂದೇ. ಲೋಹವಲ್ಲದ ವಸ್ತು ಅದರ ಪಾಲಿಗೆ ಇಲ್ಲವೇ ಇಲ್ಲ. ಬೀಗದ ಕೈ, ಬೆಲ್ಟಿನ ಕೊಕ್ಕೆ, ತಾಯಿಯ ಕೈಬಳೆ, ಎಲ್ಲಕ್ಕೂ ಅದು ಒಂದೇ ರೀತಿ ಕೂಗುತ್ತದೆ.

ಚೀಲಗಳನ್ನು ಪರೀಕ್ಷಿಸುವ ಎಕ್ಸ್‌ರೇ ಯಂತ್ರದ ಪರದೆಯ ಮೇಲೆ ಬಣ್ಣಗಳು ಕಾಣುತ್ತವೆ. ಆಹಾರ, ಬಟ್ಟೆ, ಕಾಗದದಂಥ ವಸ್ತುಗಳು ಕಿತ್ತಳೆ ಬಣ್ಣದಲ್ಲಿ, ಲೋಹಗಳು ನೀಲಿಯಲ್ಲಿ, ನಡುವಿನವು ಹಸಿರಿನಲ್ಲಿ. ಯಂತ್ರ ಬಣ್ಣ ತೋರಿಸುತ್ತದೆ, ಅಷ್ಟೆ. ಆ ಕಿತ್ತಳೆ ಬಣ್ಣದ ಉಂಡೆ ರವೆ ಉಂಡೆಯೋ ಬೇರೇನೋ ಎಂದು ನಿರ್ಧರಿಸುವುದು ಪರದೆಯ ಮುಂದೆ ಕುಳಿತವರ ಕಣ್ಣು. ಬಿಡುವಿಲ್ಲದೆ ಗಂಟೆಗಟ್ಟಲೆ ನೋಡುತ್ತ ಕುಳಿತರೆ ಯಾರ ಕಣ್ಣಾದರೂ ದಣಿಯುತ್ತದೆ.

ನಮ್ಮ ಎಷ್ಟೋ ಅಂಗಡಿಸಂಕೀರ್ಣಗಳಲ್ಲಿ ಈ ಚೌಕಟ್ಟು ಪ್ರತಿಯೊಬ್ಬರಿಗೂ ಕೂಗುತ್ತದೆ. ಪಕ್ಕದಲ್ಲಿ ನಿಂತವರು ಕೈಬೀಸಿ ಒಳಗೆ ಕಳಿಸುತ್ತಾರೆ. ಸದಾ ಕೂಗುವ ಯಂತ್ರವೂ ಎಂದೂ ಕೂಗದ ಯಂತ್ರವೂ ಒಂದೇ ಸಮ ಎಂದರೆ ಅತಿಶಯೋಕ್ತಿಯಲ್ಲ.

ಕ್ಯಾಮೆರಾ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ನಿಜ, ಕ್ಯಾಮೆರಾ ಬೇಕು. ನಮ್ಮ ರಾಜ್ಯದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕ್ರಮಗಳ ಕಾಯಿದೆಯ ಪ್ರಕಾರ ಹೆಚ್ಚು ಜನ ಸೇರುವ ಸ್ಥಳಗಳಲ್ಲಿ ಸಿಸಿಟಿವಿ ಅಳವಡಿಸಿ, ಚಿತ್ರಿಕೆಗಳನ್ನು 30 ದಿನ ಉಳಿಸಿಕೊಳ್ಳಬೇಕು. ಇದರ ಪ್ರಯೋಜನ ಏನೆಂಬುದನ್ನು ಬೆಂಗಳೂರು ಕಂಡಿದೆ. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್ ಬಡಾವಣೆಯ ಜನನಿಬಿಡ ಉಪಾಹಾರ ಗೃಹವೊಂದರಲ್ಲಿ ಯಾರೋ ಗಿರಾಕಿಯಂತೆ ಬಂದು ಚೀಲವೊಂದನ್ನು ಬಿಟ್ಟುಹೋದರು. ಅದು ಸ್ಫೋಟಿಸಿ ಹಲವರು ಗಾಯಗೊಂಡರು. ಕ್ಯಾಮೆರಾಗಳಲ್ಲಿ ಸೆರೆಯಾದ ಚಿತ್ರಗಳು ತನಿಖೆಗೆ ನೆರವಾದವು. ಏಪ್ರಿಲ್‌ನಲ್ಲಿ ರಾಷ್ಟ್ರೀಯ ತನಿಖಾ ದಳದವರು ಪಶ್ಚಿಮ ಬಂಗಾಳದಲ್ಲಿ ಇಬ್ಬರು ಆರೋಪಿಗಳನ್ನು ಬಂಧಿಸಿದರು. ಕ್ಯಾಮೆರಾ ತನ್ನ ಕೆಲಸ ಮಾಡಿತು. ಆದರೆ ಆ ಕೆಲಸ ಶುರುವಾದದ್ದು ಸ್ಫೋಟದ ನಂತರ. ಬಿಟ್ಟುಹೋದ ಚೀಲವನ್ನು ಕಂಡು "ಇದು ಯಾರದು?" ಎಂದು ಕೇಳುವ ಬಾಯಿ ಕ್ಯಾಮೆರಾಗೆ ಇಲ್ಲ. ಆ ಪ್ರಶ್ನೆ ಪಕ್ಕದಲ್ಲಿರುವ ನಿಮ್ಮಿಂದ, ನನ್ನಿಂದ ಬರಬೇಕು.

ಹಾಗಾದರೆ ಪುಸ್ತಕವೇ ಬೇಡವೇ? ಬೇಕು. ಆದರೆ ಯಾವುದಕ್ಕೆ ಬೇಕು ಎಂಬುದು ನಮಗೆ ಗೊತ್ತಿರಬೇಕು. ನಾವೆಲ್ಲ ಅಲಕ್ಷಿಸುವ "ಹೊರಹೋದ ಸಮಯ" ಎಂಬ ಅಂಕಣವನ್ನೇ ತೆಗೆದುಕೊಳ್ಳಿ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಹೊತ್ತಿತು. ಹೊಗೆ ಮಹಡಿಗಳನ್ನು ತುಂಬಿತು. ಕಿಟಕಿ ಒಡೆದು ಉಸಿರಿಗಾಗಿ ಹಂಬಲಿಸಿದ ಜನ, ಕೆಳಕ್ಕೆ ಹಾರಿದ ಜನ. ಆ ದೃಶ್ಯಗಳನ್ನು ದೂರದರ್ಶನದಲ್ಲಿ ಕಂಡವರು ಇನ್ನೂ ಮರೆತಿಲ್ಲ. ಒಂಬತ್ತು ಜೀವಗಳು ಹೋದವು. ಇಂಥ ಹೊತ್ತಿನಲ್ಲಿ ಅಗ್ನಿಶಾಮಕ ದಳದವರು ಬಂದೊಡನೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಒಳಗೆ ಇನ್ನೂ ಎಷ್ಟು ಜನ ಇದ್ದಾರೆ?" ಎಂಬುದು. ಕಛೇರಿಯ ನೌಕರರ ಲೆಕ್ಕ ಹೇಗೋ ಸಿಕ್ಕೀತು. ಆದರೆ ಅಂದು ಯಾವುದೋ ಕೆಲಸಕ್ಕೆಂದು ಬಂದ ಹೊರಗಿನವರು? ಅವರನ್ನು ಹುಡುಕುವವರು ಆ ಕಟ್ಟಡದಲ್ಲಿ ಯಾರೂ ಇರುವುದಿಲ್ಲ. ಅವರು ಒಳಗಿದ್ದಾರೆ ಎಂದು ಸಾಕ್ಷಿ ಹೇಳುವುದು ಆ ಪುಸ್ತಕದ ಒಂದು ಸಾಲು ಮಾತ್ರ. ಹೊರಹೋದ ಸಮಯವನ್ನು ಬರೆಯದಿದ್ದರೆ, ಮನೆಗೆ ಹೋಗಿ ಊಟಕ್ಕೆ ಕುಳಿತವನನ್ನು ಹುಡುಕಲು ಒಬ್ಬ ಅಗ್ನಿಶಾಮಕ ಸಿಬ್ಬಂದಿ ಹೊಗೆಯೊಳಕ್ಕೆ ನುಗ್ಗಬೇಕಾದೀತು.

ನೋಡಿ, ಈ ದೃಷ್ಟಿಯಿಂದ ನೋಡಿದಾಗ ಪುಸ್ತಕದ ಅರ್ಥವೇ ಬದಲಾಗುತ್ತದೆ. ಬಂದವರ ಮೇಲಿನ ಗುಮಾನಿಗಾಗಿ ಅಲ್ಲ, ಬಂದವರ ಕ್ಷೇಮಕ್ಕಾಗಿಯೂ ಆ ಸಾಲು ಇದೆ. ಈ ಮಾತನ್ನು ಕಾವಲುಗಾರರಿಗೂ ಸಂದರ್ಶಕರಿಗೂ ತಿಳಿಸಿದರೆ ಇಬ್ಬರೂ ಆ ಅಂಕಣವನ್ನು ತಾವಾಗಿಯೇ ತುಂಬುತ್ತಾರೆ.

ಇನ್ನೊಂದು ಮುಖವೂ ಇದೆ. ನಾವು ಬರೆದುಕೊಟ್ಟ ಮಾಹಿತಿ ಎಲ್ಲಿಗೆ ಹೋಗುತ್ತದೆ? ತೆರೆದ ಪುಸ್ತಕದಲ್ಲಿ ನೀವು ನಿಮ್ಮ ಹೆಸರು, ಫೋನ್ ಸಂಖ್ಯೆ ಬರೆಯುವಾಗ ನಿಮಗಿಂತ ಮೊದಲು ಬಂದ ಹತ್ತು ಜನರ ಹೆಸರು, ಸಂಖ್ಯೆಗಳು ನಿಮ್ಮ ಕಣ್ಣ ಮುಂದೆಯೇ ಇರುತ್ತವೆ. ಹಾಗೆಯೇ ನಿಮ್ಮದು, ನಿಮ್ಮ ಹಿಂದೆ ಬರುವ ಹತ್ತು ಜನರ ಮುಂದೆ. ನನಗೆ ಪರಿಚಯದ ಒಬ್ಬ ಹೆಣ್ಣುಮಗಳು ಮನೆಪಾಠ ಹೇಳಲು ಹಲವು ಕಟ್ಟಡಗಳಿಗೆ ಹೋಗುತ್ತಾಳೆ. ಒಂದು ಕಡೆ ರಿಜಿಸ್ಟರಿನಲ್ಲಿ ಸಂಖ್ಯೆ ಬರೆದ ಮಾರನೆಯ ದಿನದಿಂದ ಗುರುತಿಲ್ಲದವನೊಬ್ಬ ರಾತ್ರಿ ಹೊತ್ತು ಕರೆ ಮಾಡತೊಡಗಿದ. ಕೊನೆಗೆ ಆಕೆ ಸಂಖ್ಯೆಯನ್ನೇ ಬದಲಿಸಬೇಕಾಯಿತು. ಆ ನಂತರ ಆಕೆ ಯಾವ ಪುಸ್ತಕದಲ್ಲಿಯೂ ನಿಜವಾದ ಸಂಖ್ಯೆ ಬರೆಯುವುದಿಲ್ಲ. ತಪ್ಪು ಯಾರದು? ಸುಳ್ಳು ಬರೆದವಳದೋ, ಸತ್ಯ ಬರೆದರೆ ಕಾಪಾಡಲಾರದ ನಮ್ಮದೋ?

ಖಾಸಗಿತನ ಎಂಬುದು ದೊಡ್ಡವರ ಮಾತಲ್ಲ, ಎಲ್ಲರ ಹಕ್ಕು. ಇದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ಅವರು ಎತ್ತಿದ ಪ್ರಶ್ನೆ ಇಡೀ ದೇಶಕ್ಕೆ ಉತ್ತರವನ್ನು ತಂದುಕೊಟ್ಟಿತು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಹಂತ ಹಂತವಾಗಿ ಜಾರಿಗೆ ಬರುವಂತೆ ಅವುಗಳನ್ನು ರೂಪಿಸಲಾಗಿದೆ. ಇದರ ಸಾರ ಸರಳ. ಮಾಹಿತಿ ಕೇಳುವವರು ಏಕೆ ಕೇಳುತ್ತಿದ್ದೇವೆ ಎಂದು ತಿಳಿಸಬೇಕು, ಆ ಕೆಲಸಕ್ಕೆ ಬೇಕಾದಷ್ಟನ್ನೇ ಕೇಳಬೇಕು, ಅದನ್ನು ಜೋಪಾನ ಮಾಡಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು.

ಈ ಕಾಯಿದೆ ಅನ್ವಯಿಸುವುದು ಗಣಕದಲ್ಲಿ ಅಥವಾ ಮೊಬೈಲಿನಲ್ಲಿ ಸಂಗ್ರಹಿಸಿದ ಮಾಹಿತಿಗೆ, ಇಲ್ಲವೇ ಕಾಗದದಿಂದ ಗಣಕಕ್ಕೆ ಏರಿಸಿದ ಮಾಹಿತಿಗೆ. ದಾರಕ್ಕೆ ಪೆನ್ನು ಕಟ್ಟಿದ ಪುಸ್ತಕ ಕಾಗದವಾಗಿಯೇ ಉಳಿದರೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಕಾನೂನಿಗೆ ನಿಲುಕದ್ದು ನಮ್ಮ ಸಜ್ಜನಿಕೆಗೂ ನಿಲುಕಬಾರದೇ? ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಎಂಟು ವರ್ಷಗಳ ಹಳೆಯ ರಿಜಿಸ್ಟರುಗಳು ಧೂಳು ಹಿಡಿದು ಬಿದ್ದಿದ್ದವು. ಸಾವಿರಾರು ಜನರ ಹೆಸರು, ಸಂಖ್ಯೆ, ಸಹಿ. ರದ್ದಿಯವನಿಗೆ ತೂಕಕ್ಕೆ ಹಾಕಿದ್ದರೆ ಅವು ಎಲ್ಲಿಗೆ ಹೋಗುತ್ತಿದ್ದವೋ!

ಈಗೀಗ ಪುಸ್ತಕದ ಜಾಗದಲ್ಲಿ ಮೊಬೈಲ್ ಆ್ಯಪ್‌ಗಳು ಬಂದಿವೆ. ಕಾವಲುಗಾರ ಸಂದರ್ಶಕರ ಹೆಸರು, ಸಂಖ್ಯೆ ನಮೂದಿಸುತ್ತಾನೆ, ಕೆಲವೆಡೆ ಭಾವಚಿತ್ರವನ್ನೂ ತೆಗೆಯುತ್ತಾನೆ. ಮನೆಯವರ ಫೋನಿಗೆ ಸೂಚನೆ ಹೋಗುತ್ತದೆ, ಅವರು ಒಪ್ಪಿದರೆ ಗೇಟು ತೆರೆಯುತ್ತದೆ. ಮೊದಲೇ ಸಂಕೇತ ಸಂಖ್ಯೆ ಕಳಿಸಿದ್ದರೆ ಅತಿಥಿ ಅದನ್ನು ಹೇಳಿ ಒಳಗೆ ಬರಬಹುದು. ಇದು ಒಳ್ಳೆಯ ಅನುಕೂಲ. ಹಿಂದೆ ಬಂದವರ ಸಂಖ್ಯೆ ಮುಂದೆ ಬಂದವರಿಗೆ ಕಾಣುವುದಿಲ್ಲ. ಒಪ್ಪಿಗೆ ಕೊಟ್ಟವರು ಯಾರು ಎಂಬುದೂ ದಾಖಲಾಗುತ್ತದೆ. ಕೌಟಿಲ್ಯ ಹೇಳಿದ ಆತಿಥೇಯನ ಹೊಣೆ ಇಲ್ಲಿ ಮರಳಿ ಬಂದಿದೆ ಎನ್ನಬಹುದು. ಆದರೆ ಮೀಟಿಂಗಿನಲ್ಲಿರುವಾಗ ಯಾರು ಎಂದು ನೋಡದೆಯೇ "ಒಪ್ಪಿಗೆ" ಒತ್ತುವ ನಮ್ಮ ಬೆರಳನ್ನು ಯಾವ ಆ್ಯಪೂ ತಿದ್ದಲಾರದು. ಆ ಮಾಹಿತಿ ಎಷ್ಟು ದಿನ ಉಳಿಯುತ್ತದೆ, ಯಾರ ಕೈಗೆ ಸಿಗುತ್ತದೆ ಎಂದು ಸಂಘದ ಸಭೆಯಲ್ಲಿ ಕೇಳಿದವರು ಎಷ್ಟು ಮಂದಿ?

ಬೆಂಗಳೂರು, ದೆಹಲಿ, ವಾರಾಣಸಿ ವಿಮಾನ ನಿಲ್ದಾಣಗಳಲ್ಲಿ 2022ರ ಡಿಸೆಂಬರ್ 1ರಂದು ಆರಂಭವಾದ ಡಿಜಿಯಾತ್ರಾ ವ್ಯವಸ್ಥೆಯಲ್ಲಿ ಮುಖವೇ ಪಾಸು. ಅದು ಕಡ್ಡಾಯವಲ್ಲ, ಬೇಕಾದವರು ಬಳಸಬಹುದು. ವಿಮಾನ ಹೊರಟ 24 ಗಂಟೆಯೊಳಗೆ ನಿಲ್ದಾಣದಲ್ಲಿನ ಮಾಹಿತಿ ಅಳಿಸಿಹೋಗುತ್ತದೆ ಎಂಬುದು ಆ ವ್ಯವಸ್ಥೆಯ ಭರವಸೆ. ವಿಮಾನ ನಿಲ್ದಾಣವೇ ಇಂಥ ಗಡುವನ್ನು ಹಾಕಿಕೊಂಡಿರುವಾಗ, ಪುಟ್ಟ ಕಛೇರಿಯೊಂದು, ವಸತಿ ಸಂಘವೊಂದು ಬಂದವರ ಆಧಾರ್ ಪ್ರತಿಯನ್ನು ಕಡತದಲ್ಲಿ ಶಾಶ್ವತವಾಗಿ ಇಟ್ಟುಕೊಳ್ಳುವ ಅಗತ್ಯವೇನು? ಗುರುತಿಗೆ ಆಧಾರ್ ತೋರಿಸಲೇಬೇಕೆನಿಸಿದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಚಿದ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಒದಗಿಸುತ್ತದೆ. ಅದನ್ನು ಬಳಸಿಕೊಳ್ಳಿ.

ಇನ್ನು ದಿನವೂ ಬರುವವರ ಮಾತು. ಮನೆಗೆಲಸದವರು, ಅಡುಗೆಯವರು, ಹಾಲು ಪತ್ರಿಕೆ ಹಾಕುವವರು, ಸಾಮಾನು ತಲುಪಿಸುವ ಹುಡುಗರು. ಇವರೆಲ್ಲ ಹತ್ತು ವರ್ಷದಿಂದ ಬರುತ್ತಿದ್ದರೂ ದಿನವೂ ಗೇಟಿನಲ್ಲಿ ನಿಲ್ಲುತ್ತಾರೆ. ಹೊರಗೆ ಹೋಗುವಾಗ ಚೀಲ ತೆರೆದು ತೋರಿಸುತ್ತಾರೆ. ಕೆಲವು ಕಟ್ಟಡಗಳಲ್ಲಿ ಅವರಿಗೆ ಬೇರೆ ಲಿಫ್ಟು. ಅದೇ ಹೊತ್ತಿಗೆ ಇಸ್ತ್ರಿ ಅಂಗಿ ತೊಟ್ಟವರು, ಕಾರಿನಲ್ಲಿ ಬಂದವರು ಪ್ರಶ್ನೆಯಿಲ್ಲದೆ ಒಳಗೆ ಹೋಗುತ್ತಾರೆ. ನಮ್ಮ ಮಾವ ಕೇಳಿದ ಪ್ರಶ್ನೆಯ ಉತ್ತರ ಇಲ್ಲಿದೆ. ನಮ್ಮ ಗೇಟು ಅಪಾಯವನ್ನು ನೋಡುತ್ತಿರಲಿಲ್ಲ, ಬಟ್ಟೆಯನ್ನು ನೋಡುತ್ತಿತ್ತು. ಬಡವರನ್ನು ತಡೆಯುವುದೇ ಭದ್ರತೆ ಎಂದು ಕಾವಲುಗಾರನಿಗೆ ಯಾರು ಕಲಿಸಿದರು? ನಾವೇ. ಕಾರಿನವರನ್ನು ನಿಲ್ಲಿಸಿ ಕೇಳಿದ ದಿನ ಅವನಿಗೆ ಬೈಗುಳ ಸಿಕ್ಕಿತ್ತು. ಕೆಲಸದಾಕೆಯನ್ನು ನಿಲ್ಲಿಸಿದ ದಿನ ಯಾರೂ ಮಾತಾಡಲಿಲ್ಲ. ಪಾಪ, ಅವನು ಬೇಗ ಕಲಿತ.

ಆ ಕಾವಲುಗಾರನೂ ಎಲ್ಲಿಂದಲೋ ದುಡಿಮೆಗೆ ಬಂದವನೇ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯಿದೆಯಡಿ 2006ರಲ್ಲಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳು ಕಾವಲುಗಾರನಿಗೆ 100 ಗಂಟೆಗಳ ತರಗತಿ ಪಾಠ, 60 ಗಂಟೆಗಳ ಕ್ಷೇತ್ರ ತರಬೇತಿ ಇರಬೇಕೆಂದು ಹೇಳಿದವು. ನಿಮ್ಮ ಗೇಟಿನಲ್ಲಿರುವವರಿಗೆ ಅದು ದೊರೆತಿದೆಯೇ ಎಂದು ಒಮ್ಮೆ ವಿಚಾರಿಸಿ. ಅವರಿಗೆ ಕುಳಿತುಕೊಳ್ಳಲು ಕುರ್ಚಿ, ಕುಡಿಯಲು ನೀರು, ಶೌಚಾಲಯ ಇದೆಯೇ ಎಂಬುದನ್ನೂ ನೋಡಿ. ದಣಿದವನಿಂದ ಎಚ್ಚರವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ನಮ್ಮ ಸಂಘದ ಸಭೆಯಲ್ಲಿ ನಾನು ಇದನ್ನೆಲ್ಲ ಮಾತಾಡಿದೆ. ಚರ್ಚೆ ಬಿಸಿಯಾಗಿಯೇ ನಡೆಯಿತು. ಕೊನೆಗೆ ಕೆಲವು ತೀರ್ಮಾನಗಳಾದವು. ನಿಮಗೂ ಉಪಯೋಗಕ್ಕೆ ಬರಬಹುದೆಂದು ಹೇಳುತ್ತೇನೆ.

ಮೊದಲನೆಯದು, ಅತಿಥಿಗಳು ಬರುವರೆಂದು ಗೊತ್ತಿದ್ದರೆ ಮನೆಯವರು ಹಿಂದಿನ ದಿನವೇ ಗೇಟಿಗೆ ಹೆಸರು ತಿಳಿಸಬೇಕು. ಎರಡನೆಯದು, ಮನೆಯವರು ಒಪ್ಪದೆ ಯಾರೂ ಒಳಗೆ ಹೋಗುವಂತಿಲ್ಲ, ಅವರು ಕಾರಿನಲ್ಲಿ ಬಂದಿರಲಿ, ನಡೆದು ಬಂದಿರಲಿ. ಮೂರನೆಯದು, ಹೆಸರು, ಮನೆ ಸಂಖ್ಯೆ, ಬಂದ ಸಮಯ, ಹೋದ ಸಮಯ, ಇವಿಷ್ಟನ್ನೇ ಬರೆಯುವುದು. ಫೋನ್ ಸಂಖ್ಯೆ ಬೇಕಾದರೆ ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕುವುದು. ನಾಲ್ಕನೆಯದು, ಪೊಲೀಸರು ಕೇಳಿದ ದಾಖಲೆಗಳನ್ನು ಬಿಟ್ಟು ಉಳಿದವನ್ನು ಮೂರು ತಿಂಗಳಿಗೊಮ್ಮೆ ಹರಿದು ನಾಶ ಮಾಡುವುದು. ಐದನೆಯದು, ದಿನವೂ ಬರುವವರಿಗೆ ಗುರುತಿನ ಚೀಟಿ ಕೊಟ್ಟು, ಹೆಸರು ಹಿಡಿದು ಮಾತಾಡಿಸುವುದು. ಕಾರಣವಿಲ್ಲದೆ ಚೀಲ ಬಿಚ್ಚಿಸುವುದು ಬೇಡ. ಆರನೆಯದು, ಸರಿಯಾಗಿ ಪ್ರಶ್ನೆ ಕೇಳಿದ ಕಾವಲುಗಾರನ ಬೆನ್ನಿಗೆ ಸಂಘ ನಿಲ್ಲುವುದು, ಎದುರಿಗಿರುವವರು ಅಧ್ಯಕ್ಷರೇ ಆಗಿದ್ದರೂ.

ಏಳನೆಯದೊಂದನ್ನು ಹಿರಿಯ ಸದಸ್ಯೆಯೊಬ್ಬರು ಸೂಚಿಸಿದರು. ಗೇಟಿನ ಒಳಗೆ ನೆರಳಿನಲ್ಲಿ ಒಂದು ಬೆಂಚು, ಒಂದು ಹೂಜಿ ನೀರು. ನಮ್ಮ ಹಳ್ಳಿಗಳಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು, ಆಮೇಲೆ ಯಾವ ಊರು, ಯಾರ ಮನೆಯವರು ಎಂದು ಕೇಳುವ ಪದ್ಧತಿ ಇತ್ತು. ಅಲ್ಲಿಯೂ ವಿಚಾರಣೆ ಇತ್ತು, ಬಿಡಿ. ಊರಿಗೆ ಬಂದ ಹೊಸಬರ ಮೂರು ತಲೆಮಾರಿನ ವಿವರ ಜಗಲಿಯ ಮೇಲೆ ಕುಳಿತಲ್ಲೇ ಹೊರಬರುತ್ತಿತ್ತು! ಆದರೆ ಕೇಳುವ ಕ್ರಮದಲ್ಲಿ ಅವಮಾನವಿರಲಿಲ್ಲ.

ಮೊನ್ನೆ ದೀಪಾವಳಿಗೆ ಮಾವ ಮತ್ತೆ ಬಂದರು. ಈ ಸಲ ನಾನು ಹಿಂದಿನ ರಾತ್ರಿಯೇ ಗೇಟಿಗೆ ಹೆಸರು ತಿಳಿಸಿದ್ದೆ. ಬೆಳಿಗ್ಗೆ ಏಳಕ್ಕೆ ಅದೇ ಕಾವಲುಗಾರ ಕೆಳಗಿನಿಂದ ಫೋನ್ ಮಾಡಿದ. "ಸಾರ್, ನಿಮ್ಮ ಮಾವ ಬಂದಿದ್ದಾರೆ. ಬೆಂಚಿನ ಮೇಲೆ ಕೂರಿಸಿದ್ದೇನೆ, ನೀರು ಕುಡಿಯುತ್ತಿದ್ದಾರೆ. ನೀವು ಬಂದು ನೋಡಿ, ಅವರೇ ಹೌದೋ ಅಲ್ಲವೋ ಹೇಳಿ" ಎಂದ. ನಾನು ಇಳಿದು ಹೋದೆ. ಮಾವ ಪುಸ್ತಕದಲ್ಲಿ ಸಹಿ ಮಾಡುತ್ತಿದ್ದರು. ತಲೆಯೆತ್ತಿ, "ಈ ಸಲ ಇವನು ಎಲ್ಲರನ್ನೂ ಕೇಳುತ್ತಿದ್ದಾನೆ ನೋಡು" ಎಂದರು.

ನಾಲ್ಕು ದಿನ ಇದ್ದು ಹೊರಟಾಗ, ಅವರೇ ಪುಸ್ತಕ ತರಿಸಿಕೊಂಡು ತಮ್ಮ ಸಾಲನ್ನು ಹುಡುಕಿ, ಹೊರಹೋದ ಸಮಯವನ್ನು ಬರೆದರು. ಓದುಗರೇ, ಮುಂದಿನ ಬಾರಿ ಯಾವುದಾದರೂ ಕಟ್ಟಡದಿಂದ ಹೊರಬರುವಾಗ ನೀವೂ ಒಂದು ಕ್ಷಣ ನಿಂತು ಆ ಅಂಕಣವನ್ನು ತುಂಬಿ. ನಿಮ್ಮ ಮನೆಗೆ ಬರುವವರ ಹೆಸರನ್ನು ಗೇಟಿಗೆ ಮೊದಲೇ ತಿಳಿಸಿ. ಇಷ್ಟು ಮಾಡಿದರೆ ಅರ್ಧ ಕೆಲಸ ಆದಂತೆ.